ಪುಸ್ತಕ ನೋಡಿ ಬರೆಯುವ ಪರೀಕ್ಷೆ

ಇಲ್ಲಿ ಬರೆದು ತುಂಬಾ ದಿನ ಆಯ್ತು. ಒಂದೂವರೆ ವರ್ಷವೇ ಆಗಿರಬೇಕು. ನಡುವೆ ಇಬ್ಬರು ಮೂವರು ಸ್ನೇಹಿತರು "ಎಲ್ಲಿ ಕಾಣೆಯಾದ್ರಿ?" ಅಂತ ಕೇಳಿದ್ದರು. "ಕೆಲಸ ಜಾಸ್ತಿ" ಅಂತ ಒಂದು ಸಾಲು ಬರೆದು ಜಾರಿಕೊಂಡಿದ್ದೆ. ಅದು ಅರ್ಧ ಸತ್ಯ. ಕೋರ್ಟಿನಲ್ಲಿ ಅರ್ಧ ಸತ್ಯ ಹೇಳಿದವರು ಪಾಟಿ ಸವಾಲಿನಲ್ಲಿ ಸಿಕ್ಕಿಬೀಳುತ್ತಾರೆ. ನೀವ್ಯಾರೂ ಪಾಟಿ ಸವಾಲು ಮಾಡಲಿಲ್ಲ, ಹಾಗಾಗಿ ಬಚಾವಾದೆ. ಇವತ್ತು ನಾನಾಗಿಯೇ ಒಪ್ಪಿಕೊಂಡುಬಿಡುತ್ತೇನೆ.

ನಾನು ವಕೀಲರ ಪರೀಕ್ಷೆಯಲ್ಲಿ ಫೇಲಾಗಿದ್ದೆ. ಅದೂ ಪುಸ್ತಕ ನೋಡಿಕೊಂಡು ಬರೆಯುವ ಪರೀಕ್ಷೆಯಲ್ಲಿ!

ನಗಬೇಡಿ. ಅಥವಾ ನಕ್ಕುಬಿಡಿ, ಪರವಾಗಿಲ್ಲ. ಈಗ ನನಗೂ ಸ್ವಲ್ಪ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಮೊದಲು ಈ ಪರೀಕ್ಷೆ ಏನು ಅಂತ ಹೇಳಿಬಿಡುತ್ತೇನೆ. ಎಲ್ಎಲ್‌ಬಿ ಮುಗಿಸಿದ ಮೇಲೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆಮೇಲೆ ಕಪ್ಪು ಕೋಟು ಹಾಕಬಹುದು, ಕೋರ್ಟಿಗೆ ಹೋಗಬಹುದು. ಆದರೆ ಅದು ಎರಡು ವರ್ಷದ ಮಟ್ಟಿಗೆ ಮಾತ್ರ. ಅಷ್ಟರೊಳಗೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಿಕೊಳ್ಳಬೇಕು. ಎ.ಐ.ಬಿ.ಇ. ಅಂತಾರೆ. 2011ರ ಮಾರ್ಚ್‌ನಲ್ಲಿ ಮೊದಲ ಸಲ ನಡೆದಿದ್ದು. ಇಂಥ ಪರೀಕ್ಷೆ ಮಾಡುವ ಅಧಿಕಾರ ಬಾರ್ ಕೌನ್ಸಿಲ್ ಆಫ್ ಇಂಡಿಯಾಕ್ಕೆ ಇದೆಯೇ ಇಲ್ಲವೇ ಅಂತ ಬಹಳ ವರ್ಷ ಜಗಳ ನಡೆದು, ಕೊನೆಗೆ 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ "ಇದೆ" ಅಂದಿತು. ನೂರು ಪ್ರಶ್ನೆ, ನಾಲ್ಕರಲ್ಲಿ ಒಂದು ಉತ್ತರಕ್ಕೆ ಗುಂಡಗೆ ಮಸಿ ತುಂಬಬೇಕು, ಮೂರೂವರೆ ಗಂಟೆ ಸಮಯ. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ. ಸಾಮಾನ್ಯ ವರ್ಗದವರಿಗೆ 45 ಬಂದರೆ ಪಾಸು. ಮೊದಲು ಗೈಡು, ನೋಟ್ಸು ಎಲ್ಲ ಒಳಗೆ ತೆಗೆದುಕೊಂಡು ಹೋಗಬಹುದಿತ್ತಂತೆ. 2021ರಿಂದ ಟಿಪ್ಪಣಿ ಇಲ್ಲದ ಬೇರ್ ಆಕ್ಟ್ ಮಾತ್ರ. ಅಂದರೆ ಕಾಯ್ದೆಯ ಮೂಲ ಪಠ್ಯ ಅಷ್ಟೇ ಇರುವ ಪುಸ್ತಕ.

ಹೀಗೆ ಕೇಳಿದರೆ ಇದರಲ್ಲಿ ಫೇಲಾಗುವುದು ಹೇಗೆ ಅಂತಲೇ ಆಶ್ಚರ್ಯ ಆಗುತ್ತದೆ ಅಲ್ವಾ? ನನಗೂ ಹಾಗೇ ಆಗಿತ್ತು. ಅದೇ ಸಮಸ್ಯೆ.

ನಾನು ಲಾ ಓದಿದ್ದು ಅಪ್ಪನ ಕೇಸಿನಿಂದ. ನಮ್ಮದು ತುಮಕೂರು ಜಿಲ್ಲೆಯ ಹಳ್ಳಿ, ತೆಂಗಿನ ಸೀಮೆ. 2009ರಲ್ಲಿ ದಾಯಾದಿಗಳು ತೋಟದ ವಿಭಾಗಕ್ಕೆ ದಾವೆ ಹಾಕಿದರು. ಆಗ ನಾನು ಇನ್ನೂ ಸ್ಕೂಲಿನಲ್ಲಿದ್ದೆ. ಅವತ್ತಿನಿಂದ ನಮ್ಮ ಮನೆಯ ಊಟದ ಮಾತೇ ಬದಲಾಯಿತು. ವಕಾಲತ್ತು, ಸಮನ್ಸು, ತಕರಾರು, ನಕಲು, ಅಮೀನ, ವಾಯ್ದೆ. ಏಳನೇ ಕ್ಲಾಸು ಓದಿದ ಅಪ್ಪ ಈ ಮಾತುಗಳನ್ನೆಲ್ಲ ಗೊಬ್ಬರ, ನೀರು, ನುಸಿ ಅಂದಷ್ಟೇ ಸಲೀಸಾಗಿ ಆಡುತ್ತಿದ್ದರು. ವಾಯ್ದೆಯ ದಿನ ಬಿಳಿ ಅಂಗಿ ಹಾಕಿಕೊಂಡು ಬೆಳಗಿನ ಬಸ್ಸಿಗೆ ಹೋಗುವುದು, ಸಂಜೆ ಬಂದು ಜಗಲಿ ಮೇಲೆ ಕೂತು ಚಪ್ಪಲಿ ಬಿಡುತ್ತಾ "ಮುಂದಿನ ತಿಂಗಳು ಹದಿನಾಲ್ಕು" ಅನ್ನುವುದು. ಅಷ್ಟೇ. ಅಮ್ಮ ಕ್ಯಾಲೆಂಡರಿನಲ್ಲಿ ಹದಿನಾಲ್ಕರ ಸುತ್ತ ಸುತ್ತು ಹಾಕುತ್ತಿದ್ದಳು. ಹಾಲಿನ ಲೆಕ್ಕದ ಪಕ್ಕದಲ್ಲೇ.

ಬಿ.ಎ. ಮುಗಿಸಿ ಒಂದೆರಡು ವರ್ಷ ಅಲ್ಲಿ ಇಲ್ಲಿ ಕೆಲಸ ಮಾಡಿ, ಆಮೇಲೆ ಮೂರು ವರ್ಷದ ಎಲ್ಎಲ್‌ಬಿಗೆ ಸೇರಿದೆ. ನಮ್ಮ ಕಾನೂನು ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆಯ ಮೇಲೆ ಉತ್ತರಗಳನ್ನು ಪೂರ್ತಿ ಇಂಗ್ಲಿಷ್‌ನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಬೇಕು ಅನ್ನುವ ಸೂಚನೆ ಇರುತ್ತದೆ. ನಾನು ಮೂರೂ ವರ್ಷ ಕನ್ನಡದಲ್ಲೇ ಬರೆದೆ. 2024ರ ಅಕ್ಟೋಬರ್‌ನಲ್ಲಿ ನೋಂದಣಿ ಆಯಿತು. ಅಪ್ಪ ಕೋಟಿನ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿ, "ಬೇಸ್ಗೇಲಿ ಸೆಕೆ ಆಗ್ತೈತೆ" ಅಂದರು. ಊರಿಗೆಲ್ಲ ಮಾತ್ರ "ನನ್ ಮಗಳು ಲಾಯರ್ ಆದ್ಲು" ಅಂತ ಹೇಳಿಕೊಂಡು ಬಂದರು. ಎರಡು ವರ್ಷದ ಷರತ್ತಿನ ವಿಷಯ ಅವರಿಗೆ ಗೊತ್ತಿತ್ತು. "ಅದೇನು ಬಿಡಪ್ಪ, ಬುಕ್ ನೋಡ್ಕೊಂಡು ಬರೆಯೋದು" ಅಂತ ನಾನೇ ಹೇಳಿದ್ದೆ.

ಬೆಂಗಳೂರಿನಲ್ಲಿ ಒಬ್ಬ ಸೀನಿಯರ್ ಹತ್ತಿರ ಸೇರಿದೆ. ಗಾಂಧಿನಗರದಲ್ಲಿ ಆಫೀಸು, ವಿಜಯನಗರದಲ್ಲಿ ಪಿ.ಜಿ. ತಿಂಗಳಿಗೆ ಹತ್ತು ಸಾವಿರ ಕೊಡುತ್ತಿದ್ದರು, ಅದರಲ್ಲಿ ಪಿ.ಜಿ.ಗೇ ಏಳು. ನಾನು ಸೇರಿದ ತಿಂಗಳಲ್ಲೇ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಒಂದು ಸುತ್ತೋಲೆ ಹೊರಡಿಸಿತ್ತು: ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ಕೊಡಬೇಕು ಅಂತ. ಸಲಹೆ ಅಷ್ಟೇ, ಕಡ್ಡಾಯ ಅಲ್ಲ. ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಡೈರಿಯಲ್ಲಿ ಇಟ್ಟುಕೊಂಡೆ. ಸೀನಿಯರ್ ಎದುರಿಗೆ ಆ ಪುಟ ತೆರೆಯದ ಹಾಗೆ ನೋಡಿಕೊಂಡೆ. ಶಕ್ತಿ ಯೋಜನೆಯ ಪುಣ್ಯ, ಬಸ್ಸಿಗೆ ಕಾಸಿಲ್ಲ. ಪರ್ಸಿನಲ್ಲಿ ದುಡ್ಡಿಗಿಂತ ಶೂನ್ಯ ಟಿಕೆಟ್ಟುಗಳೇ ಜಾಸ್ತಿ ಇರುತ್ತಿದ್ದವು.

ಮೊದಲ ಸಲದ ಪರೀಕ್ಷೆ 2024ರ ಡಿಸೆಂಬರ್ 22ಕ್ಕೆ. ಓದಿದೆನಾ ಅಂದರೆ... ಹೂಂ, ಓದಿದೆ. ಬಸ್ಸಿನಲ್ಲಿ, ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ, ಮೊಬೈಲಿನಲ್ಲಿ ಹಳೆಯ ಪ್ರಶ್ನೆಪತ್ರಿಕೆ ನೋಡುತ್ತಾ. ಜೊತೆಯವರೆಲ್ಲ ಹೇಳುತ್ತಿದ್ದಿದ್ದು ಒಂದೇ ಮಾತು: "ಓದೋಕೇನಿದೆ ಮಾರಾಯ್ತಿ, ಪುಸ್ತಕ ಇರುತ್ತಲ್ಲ." ಅರ್ಜಿ ತುಂಬುವಾಗ ಯಾವ ಭಾಷೆ ಅಂತ ಒಂದು ಕಾಲಂ ಇರುತ್ತದೆ. ಕನ್ನಡವೂ ಇತ್ತು. ನಾನು ಇಂಗ್ಲಿಷ್ ಹಾಕಿದೆ. ಯಾಕೆ ಅಂತ ಕೇಳಿದರೆ ಆಫೀಸಿನಲ್ಲಿ ಉಳಿದ ಜೂನಿಯರ್‌ಗಳು ಇಂಗ್ಲಿಷ್ ಹಾಕಿದ್ದರು, ಅಷ್ಟೇ ಕಾರಣ. ತಮಾಷೆ ಅಂದರೆ ಅದೇ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಒಂದು ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಕೊಟ್ಟಿತ್ತು. ಆ ಸುದ್ದಿಯನ್ನು ಹೆಮ್ಮೆಯಿಂದ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿಕೊಂಡವಳು ನಾನೇ!

ಪರೀಕ್ಷೆಯ ದಿನ ಕಾಲೇಜಿನಿಂದ ಇಟ್ಟುಕೊಂಡಿದ್ದ ಒಂಬತ್ತು ಪುಸ್ತಕ ಹೊತ್ತುಕೊಂಡು ಹೋದೆ. ಬಾಗಿಲಲ್ಲಿ ಮೇಲ್ವಿಚಾರಕರು ಒಂದೊಂದನ್ನೇ ತಿರುವಿ ನೋಡಿದರು. "ಇದರಲ್ಲಿ ಕಾಮೆಂಟ್ಸ್ ಇದೆ. ಇದರಲ್ಲೂ ಇದೆ. ಇದೂ ಆಗಲ್ಲ." ಒಂಬತ್ತರಲ್ಲಿ ಆರು ಹೊರಗೆ ಉಳಿದವು. ಅವರದ್ದೇನೂ ತಪ್ಪಿಲ್ಲ. ಟಿಪ್ಪಣಿ ಇರುವ ಪುಸ್ತಕ ತರಬಾರದು ಅಂತ ಮೊದಲೇ ಸ್ಪಷ್ಟವಾಗಿ ತಿಳಿಸಿದ್ದರು. ಮೂರು ವರ್ಷ ಕಾನೂನು ಓದಿದವಳು ಪರೀಕ್ಷೆಯ ಸೂಚನೆಗಳನ್ನೇ ಓದಿರಲಿಲ್ಲ.

ಉಳಿದಿದ್ದು ಸಂವಿಧಾನ, ಸಿವಿಲ್ ಪ್ರಕ್ರಿಯಾ ಸಂಹಿತೆ, ಮತ್ತೆ ಒಂದು ಕರಾರು ಕಾಯ್ದೆ. ಮೂರಿದೆಯಲ್ಲ ಅಂದುಕೊಂಡೆ. ಆದರೆ ಪುಸ್ತಕ ಕೈಯಲ್ಲಿದ್ದರೆ ಉತ್ತರ ಕೈಯಲ್ಲಿದ್ದಂತಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ 158 ಸೆಕ್ಷನ್ನು, ಅದರ ಹಿಂದೆ 51 ಆರ್ಡರ್, ಒಂದೊಂದು ಆರ್ಡರಿಗೂ ಹತ್ತಾರು ರೂಲು. ಒಂದು ಪ್ರಶ್ನೆಯ ಉತ್ತರವನ್ನು ಸೆಕ್ಷನ್‌ಗಳಲ್ಲಿ ಹುಡುಕಿದೆ, ಹುಡುಕಿದೆ, ಅದಿದ್ದಿದ್ದು ಆರ್ಡರಿನಲ್ಲಿ. ಸಿಕ್ಕಿದಾಗ ಗಡಿಯಾರ ನೋಡಿದರೆ ಹದಿನಾಲ್ಕು ನಿಮಿಷ ಹೋಗಿತ್ತು. ಮೂರೂವರೆ ಗಂಟೆಗೆ ನೂರು ಪ್ರಶ್ನೆ ಅಂದರೆ ಒಂದಕ್ಕೆ ಎರಡು ನಿಮಿಷ ಆರು ಸೆಕೆಂಡು. ಹದಿನಾಲ್ಕು ನಿಮಿಷ ಅಂದರೆ ಆರೇಳು ಪ್ರಶ್ನೆಯ ಸಮಯ. ಕೊನೆಯ ಇಪ್ಪತ್ತು ಪ್ರಶ್ನೆಗಳಿಗೆ ಓದದೆಯೇ ಗುಂಡಗೆ ತುಂಬಿದೆ.

2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಇನ್ನು ಎರಡು ಉತ್ತರ ಸರಿ ಇದ್ದಿದ್ದರೆ ಸಾಕಿತ್ತು.

ಅವತ್ತು ಕೋರ್ಟ್ ಕ್ಯಾಂಟೀನಿನಲ್ಲಿ ಮೈಸೂರು ಪಾಕು ಹಂಚುತ್ತಿದ್ದರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಕಂಗ್ರಾಟ್ಸ್. ನನ್ನನ್ನು ಯಾರೂ ಕೇಳಲಿಲ್ಲ. ಇದರಲ್ಲಿ ಯಾರಾದರೂ ಫೇಲಾಗಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ. ಒಬ್ಬಳು ನನ್ನ ಬಾಯಿಗೂ ಮೈಸೂರು ಪಾಕು ತುರುಕಿ "ಕಂಗ್ರಾಟ್ಸ್ ಕಣೇ" ಅಂದಳು. ನಾನು "ಥ್ಯಾಂಕ್ಸ್" ಅಂದೆ. ಸುಳ್ಳು ಶುರುವಾಗಿದ್ದು ಅಲ್ಲೇ. ಬಾಯಿ ತುಂಬಾ ಸಿಹಿ ಇದ್ದಾಗ.

ಸಂಜೆ ಅಪ್ಪ ಫೋನ್ ಮಾಡಿದರು. ಯಾರೋ ಹೇಳಿದ್ದರಂತೆ ರಿಸಲ್ಟ್ ಬಂದಿದೆ ಅಂತ. "ಹೂಂ ಅಪ್ಪ, ಆಯ್ತು" ಅಂದೆ. ಏನಾಯ್ತು ಅಂತ ಅವರೂ ಕೇಳಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ. ಪಾಟಿ ಸವಾಲಿನಲ್ಲಿ ಇಂಥ ಉತ್ತರ ಕೊಟ್ಟ ಸಾಕ್ಷಿಯನ್ನು ನಮ್ಮ ಸೀನಿಯರ್ ಸುಮ್ಮನೆ ಬಿಡುವವರಲ್ಲ.

ದೊಡ್ಡ ಪರೀಕ್ಷೆಯಲ್ಲಿ ಫೇಲಾದರೆ ಜನ ಸಮಾಧಾನ ಮಾಡುತ್ತಾರೆ. ಐ.ಎ.ಎಸ್. ಬರೆದು ಆಗದಿದ್ದವರಿಗೆ ಒಂದು ಗೌರವವೇ ಇದೆ. ಸುಲಭದ ಪರೀಕ್ಷೆಯಲ್ಲಿ ಫೇಲಾದವರಿಗೆ ಹೇಳಿಕೊಳ್ಳಲು ಮಾತೇ ಇಲ್ಲ. ಜ್ವರ ಬಂದಿತ್ತು ಅನ್ನಬೇಕು ಇಲ್ಲವೇ ಸುಮ್ಮನಿರಬೇಕು. ನಾನು ಸುಮ್ಮನಿದ್ದೆ. ಮಾರ್ಚ್‌ನಿಂದ ಆಗಸ್ಟ್ ತನಕ.

ಆ ಐದು ತಿಂಗಳು ಓದಿದೆ. ಆದರೆ ಕದ್ದು ಓದಿದೆ. ಆಫೀಸು ಮುಗಿಯುವುದು ರಾತ್ರಿ ಒಂಬತ್ತಕ್ಕೆ. ಹಾಗಾಗಿ ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ರೂಮಿನಲ್ಲಿ ಮೂವರು. ಲೈಟ್ ಹಾಕಿದರೆ ಉಳಿದಿಬ್ಬರು ಮುಸುಕೊಳಗಿಂದಲೇ ಗೊಣಗುತ್ತಿದ್ದರು. ಟೆರೇಸಿಗೆ ಹೋಗುವ ಮೆಟ್ಟಿಲ ಮೇಲೆ ಒಂದು ಬಲ್ಬು ಇತ್ತು, ಅಲ್ಲಿ ಕೂರುತ್ತಿದ್ದೆ. ಆರೂವರೆಗೆ ನೀರು ಕಾಯಿಸಲು ಕ್ಯೂ, ಎಂಟಕ್ಕೆ ಉಪ್ಪಿಟ್ಟು, ಒಂಬತ್ತಕ್ಕೆ ಮೆಜೆಸ್ಟಿಕ್ ಬಸ್ಸು, ಅಲ್ಲಿಂದ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ನಡಿಗೆ. ಯಾರಾದರೂ "ಇನ್ನೂ ಬೇರ್ ಆಕ್ಟ್ ಓದ್ತಿದ್ದೀಯಾ?" ಅಂದರೆ "ಬೇಸಿಕ್ಸ್ ಸ್ಟ್ರಾಂಗ್ ಇರಬೇಕಲ್ವಾ" ಅನ್ನುತ್ತಿದ್ದೆ. ಒಬ್ಬರು ಅದನ್ನು ನಂಬಿ ಮೆಚ್ಚಿಕೊಂಡೂಬಿಟ್ಟರು :-)

ಕೋರ್ಟಿಗೆ ರಜೆ ಇದ್ದಾಗ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಎಲ್ಲರೂ ಏನಾದರೊಂದು ಪರೀಕ್ಷೆಗೆ ಓದುವವರೇ. ಯಾರೂ ಯಾರನ್ನೂ ಯಾವ ಪರೀಕ್ಷೆ, ಎಷ್ಟನೇ ಸಲ ಅಂತ ಕೇಳುವುದಿಲ್ಲ. ಬೆಂಗಳೂರಿನಲ್ಲಿ ನನಗೆ ಅಷ್ಟು ನೆಮ್ಮದಿಯ ಜಾಗ ಇನ್ನೊಂದು ಸಿಗಲಿಲ್ಲ.

ಕ್ರಿಮಿನಲ್ ಕಾನೂನಿನದೇ ದೊಡ್ಡ ತಲೆನೋವು. 2024ರ ಜುಲೈ 1ರಿಂದ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ದಂಡ ಪ್ರಕ್ರಿಯೆ ಹೋಗಿ ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಕಾಯ್ದೆ ಹೋಗಿ ಸಾಕ್ಷ್ಯ ಅಧಿನಿಯಮ. ಹಾಗಂತ ಹಳೆಯದನ್ನು ಮರೆಯುವಂತಿಲ್ಲ. ಜುಲೈ 1ಕ್ಕೆ ಮುಂಚೆ ನಡೆದ ಅಪರಾಧಗಳಿಗೆ ಇವತ್ತಿಗೂ ಹಳೆಯ ದಂಡ ಸಂಹಿತೆಯೇ. ಹಾಗಾಗಿ ಕೋರ್ಟಿನಲ್ಲಿ ಎರಡೂ ಬೇಕು, ಪರೀಕ್ಷೆಗೂ ಎರಡೂ ಬೇಕು. ಕಾಲೇಜಿನಲ್ಲಿ ನಾನು ಓದಿದ್ದು ಹಳೆಯದು. ಕೊಲೆಗೆ 302 ಇದ್ದದ್ದು ಈಗ 103. ಕೊಲೆ ಪ್ರಯತ್ನದ 307 ಈಗ 109. ಊರಿಗೆಲ್ಲ ಗೊತ್ತಿರುವ ಫೋರ್ ಟ್ವೆಂಟಿ ಈಗ 318ರ ನಾಲ್ಕನೇ ಉಪಸೆಕ್ಷನ್ನು. ಯಾರನ್ನಾದರೂ "ಅವನೊಬ್ಬ ಮುನ್ನೂರ ಹದಿನೆಂಟರ ನಾಲ್ಕು" ಅಂತ ಬೈಯಲು ಆಗುತ್ತಾ?

ಇದರಲ್ಲಿ ನನಗೆ ಜೊತೆಯಾದವರು ನಮ್ಮ ಆಫೀಸಿನ ಗುಮಾಸ್ತರು. ಮೂವತ್ತು ವರ್ಷದ ಮೇಲಾಯಿತು ಅವರು ಕೋರ್ಟಿಗೆ ಓಡಾಡಲು ಶುರು ಮಾಡಿ. ಸೆಕ್ಷನ್ ನಂಬರುಗಳೆಲ್ಲ ನಾಲಿಗೆ ತುದಿಯಲ್ಲಿ. ಎಲ್ಲವೂ ಹಳೆಯವು. ಹೊಸ ಕಾನೂನು ಬಂದ ಮೇಲೆ ಪಾಪ, ಅವರಿಗೆ ಅರ್ಜಿಯ ಮೇಲೆ ಸೆಕ್ಷನ್ ಬರೆಯುವಾಗ ಕೈ ನಡುಗಲು ಶುರುವಾಗಿತ್ತು. ನಾನೊಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಹಳೆಯ ನಂಬರು, ಬಲಕ್ಕೆ ಹೊಸದು ಬರೆದುಕೊಳ್ಳುತ್ತಿದ್ದೆ. ಅವರು ನೋಡಿ "ನನಗೂ ಒಂದು ಜೆರಾಕ್ಸ್ ಕೊಡಮ್ಮ" ಅಂದರು. ಆಮೇಲೆ ಸಂಜೆ ಟೀ ಹೊತ್ತಿನಲ್ಲಿ ಇಬ್ಬರಿಗೂ ಅದೇ ಆಟ.

"ನಿರೀಕ್ಷಣಾ ಜಾಮೀನು?"

"438 ಇದ್ದದ್ದು 482."

"ಹಂಗಾದ್ರೆ ನಮ್ಮ ಹಳೇ 482?"

"528."

"ಅಯ್ಯೋ ಶಿವನೇ." ಟೀ ಲೋಟ ಕೆಳಗಿಟ್ಟು ಹೇಳಿದರು: "302 ಅಂದ್ರೆ ಒಂದು ಗತ್ತಿತ್ತು ಕಣಮ್ಮ. ನೂರಾ ಮೂರು ಅಂದ್ರೆ ಬಸ್ ನಂಬರ್ ಥರ ಕೇಳುತ್ತೆ."

ಒಂದು ಸಲ ಜೀವನಾಂಶದ ಅರ್ಜಿ ತಯಾರು ಮಾಡುತ್ತಿದ್ದೆ. ಗಂಡ ಬಿಟ್ಟುಹೋದ ಹುಡುಗಿ, ಜೊತೆಗೆ ಅವಳ ತಾಯಿ. ಹಿಂದೆ ಇದಕ್ಕೆ 125ನೇ ಸೆಕ್ಷನ್ನು, ಈಗ 144. "ಸೆಕ್ಷನ್ 144ರ ಕೆಳಗೆ ಹಾಕ್ತೀವಿ" ಅಂದೆ. ಆ ತಾಯಿ ಗಾಬರಿಯಾಗಿ, "ಬ್ಯಾಡ ಕಣವ್ವ, ಅದು ಗಲಾಟೆ ಆದಾಗ ಪೊಲೀಸ್ನೋರು ಹಾಕೋದಲ್ವಾ? ನಮಗೆ ಗಲಾಟೆ ಬ್ಯಾಡ, ತಿಂಗ್ಳಿಗಿಷ್ಟು ದುಡ್ಡು ಬಂದ್ರೆ ಸಾಕು" ಅಂದರು. ಗುಂಪು ಸೇರದಂತೆ ಹಾಕುವ ಆ 144 ಈಗ 163 ಆಗಿದೆ ಅಂತ ವಿವರಿಸಲು ಹೋದೆ. ಅವರ ಮುಖ ನೋಡಿ ನಿಲ್ಲಿಸಿದೆ. "ಇದು ಬೇರೆ 144 ಅಮ್ಮ, ಇದರಲ್ಲಿ ದುಡ್ಡೇ ಬರೋದು" ಅಂದೆ. ಈ ಒಂದು ಸೆಕ್ಷನ್ ಮಾತ್ರ ನಾನು ಸತ್ತರೂ ಮರೆಯುವುದಿಲ್ಲ.

ಗುಮಾಸ್ತರು ಒಂದು ದಿನ ನಂಬರು ಕೇಳುತ್ತಾ ಕೇಳುತ್ತಾ, ದನಿ ಬದಲಿಸದೆ, "ಮುಂದಿನ ಎಕ್ಸಾಮು ಯಾವಾಗಮ್ಮ?" ಅಂದರು. ನಾನು ತಲೆ ಎತ್ತಿ ನೋಡಿದೆ. ಅವರು ಜೆರಾಕ್ಸ್ ನೋಡುತ್ತಲೇ ಇದ್ದರು. "ವರ್ಷದ ಕೊನೆಗೆ ಇರಬಹುದು" ಅಂದೆ. "ಸರಿ. ಕಳ್ಳತನ?" ಅಂದರು. "379 ಇದ್ದದ್ದು 303ರ ಎರಡು" ಅಂದೆ. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ.

ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಸಂಜೆ ಜಗಲಿ ಮೇಲೆ ಕೂತಿದ್ದಾಗ ಪಕ್ಕದ ಬೀದಿಯವರೊಬ್ಬರು ಒಂದು ಹಳೇ ಕ್ರಯಪತ್ರ ಹಿಡಿದುಕೊಂಡು ಬಂದರು. "ಲಾಯರಮ್ಮ ಒಂದು ಸ್ವಲ್ಪ ನೋಡಿ ಹೇಳ್ಲಿ." ಅಪ್ಪ ನನಗಿಂತ ಮೊದಲೇ ಕೈ ಚಾಚಿ ಪತ್ರ ತೆಗೆದುಕೊಂಡು, ಅದನ್ನು ಪಂಚೆಯಲ್ಲಿ ಒರೆಸಿ ನನಗೆ ಕೊಟ್ಟರು. "ಪರೀಕ್ಷೆನೂ ಪಾಸಾಗೈತೆ, ಇನ್ನೇನು ಪರ್ಮನೆಂಟು" ಅಂದರು ಅವರಿಗೆ.

ಪತ್ರ ನೋಡಿ, ಗೊತ್ತಿದ್ದಷ್ಟು ಹೇಳಿ ಕಳಿಸಿದೆ. ಅವರು ಬೀದಿ ತಿರುಗುವವರೆಗೂ ಕಾದೆ.

"ಅಪ್ಪ, ಪಾಸಾಗಿಲ್ಲ."

ಅಪ್ಪ ಕೂಡಲೇ ಏನೂ ಅನ್ನಲಿಲ್ಲ. ಅಡಿಕೆ ಕತ್ತರಿಸುತ್ತಿದ್ದವರು ಅದನ್ನು ಪೂರ್ತಿ ಮುಗಿಸಿದರು.

"ಎಷ್ಟರಾಗೆ ಹೋಯ್ತು?"

"ಎರಡರಲ್ಲಿ."

"ಮತ್ತೆ ಕಟ್ಟಬೌದಾ?"

"ಹೂಂ. ಮುಂದಿನ ವರ್ಷ ಅಕ್ಟೋಬರ್ ತನಕ ಟೈಮಿದೆ. ಆದ್ರೆ ಹೋದ ವರ್ಷ ಒಂದೇ ಸಲ ನಡೆಸಿದ್ರು. ಈ ವರ್ಷಾನೂ ಒಂದೇ ಸಲ ಇರೋ ಥರ ಇದೆ."

"ಅಂದ್ರೆ ಡಿಸ್ಮಿಸ್ ಆಗಿಲ್ಲ. ವಾಯ್ದೆ ಬಿದ್ದೈತೆ."

ನಾನು ನಕ್ಕೆ. ಅವರು ನಗಲಿಲ್ಲ. "ಹದಿನಾರು ವರ್ಸದಿಂದ ನಂಗೆ ಎಷ್ಟು ವಾಯ್ದೆ ಬಿದ್ದೈತೆ ಹೇಳು. ಒಂದು ಸಲನಾರ ಬಂದು ಮನೇಲಿ ಹೇಳ್ದೆ ಇದ್ದೀನಾ?"

ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆರ್ಡರಿನಲ್ಲಿ, ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯ್ದೆ ಕೊಡಬಾರದು ಅಂತ ಬರೆದಿದೆ. ಅದನ್ನು ಆ ಮೆಟ್ಟಿಲ ಮೇಲೆ ಕೂತು ಎಷ್ಟೋ ಸಲ ಓದಿದ್ದೆ. ಅಪ್ಪನ ಬಿಳಿ ಅಂಗಿ, ಅಮ್ಮನ ಕ್ಯಾಲೆಂಡರಿನ ಸುತ್ತುಗಳು ಅದರ ಜೊತೆ ನೆನಪಾಗಿರಲೇ ಇಲ್ಲ. ಪ್ರತಿ ಸಲ ಖಾಲಿ ಕೈಯಲ್ಲಿ ಬಂದರೂ ಅವರು ಜಗಲಿ ಮೇಲೆ ಕೂತು, ಎಲ್ಲರೆದುರು ತಾರೀಖು ಹೇಳುತ್ತಿದ್ದರು. ನಾನು ಒಂದೇ ಒಂದು ಸಲಕ್ಕೆ ಐದು ತಿಂಗಳು ಮುಚ್ಚಿಟ್ಟಿದ್ದೆ.

ಬೆಳಿಗ್ಗೆ ಹೊರಡುವಾಗ ಅಪ್ಪ ಮೂರೂವರೆ ಸಾವಿರ ಕೈಗಿಟ್ಟರು. ಅರ್ಜಿಯ ಶುಲ್ಕ ಎಷ್ಟು ಅಂತ ರಾತ್ರಿ ಅಮ್ಮನ ಮೂಲಕ ಕೇಳಿಸಿಕೊಂಡಿದ್ದರು. "ಕೊಬ್ಬರಿಗೆ ಈ ಸಲ ರೇಟೈತೆ, ಇಸ್ಕೋ" ಅಂದರು. ನಿಜ, 2025ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಎಂದೂ ಕಾಣದ ಬೆಲೆ ಕಂಡಿತ್ತು.

ಆಮೇಲೆ ಓದು ಸಲೀಸಾಯಿತು. ಓದಿದ ಗಂಟೆಗಳು ಜಾಸ್ತಿಯಾಗಲಿಲ್ಲ. ಮುಚ್ಚಿಡುವ ಕೆಲಸ ಕಮ್ಮಿಯಾಯಿತು. ಸೀನಿಯರ್‌ಗೂ ಹೇಳಿದೆ. ಒಂದು ನಿಮಿಷ ಮುಖ ನೋಡಿ, "ಶನಿವಾರ ಬೇಗ ಹೋಗಿ ಓದ್ಕೋ" ಅಂದರು. ಮೈಸೂರು ಪಾಕು ತಿನ್ನಿಸಿದವಳಿಗೂ ಹೇಳಿದೆ. ಅವಳು ಬೈದಳು, ಆಮೇಲೆ ತನ್ನ ಟಿಪ್ಪಣಿ ಇಲ್ಲದ ಪುಸ್ತಕಗಳನ್ನೆಲ್ಲ ತಂದುಕೊಟ್ಟಳು. ಉಳಿದಿದ್ದನ್ನು ಅವೆನ್ಯೂ ರಸ್ತೆಯಲ್ಲಿ ಕೊಂಡೆ. ಈ ಸಲ ಪ್ರತಿ ಪುಟ ತಿರುವಿ ನೋಡಿ.

ಅರ್ಜಿ ತುಂಬುವಾಗ ಭಾಷೆಯ ಕಾಲಂ ಮತ್ತೆ ಬಂತು. ಕನ್ನಡ ಹಾಕಿದೆ. ಕನ್ನಡ ಹಾಕಿದ್ದಕ್ಕೇ ಎಲ್ಲ ಸುಲಭವಾಯಿತು ಅಂತೇನೂ ಹೇಳುವುದಿಲ್ಲ. ಕಾನೂನಿನ ಕನ್ನಡವೂ ಮನೆಯ ಕನ್ನಡ ಅಲ್ಲ. ಇಂಗ್ಲಿಷ್‌ನವರು ರೆಸ್ ಜುಡಿಕೇಟಾ ಅನ್ನುವುದನ್ನು ಇಲ್ಲಿ ಪೂರ್ವನ್ಯಾಯ ಅಂತಾರೆ, ಅದನ್ನೂ ಕಲಿತುಕೊಳ್ಳಬೇಕು. ಆದರೆ ವಾದಿ, ಪ್ರತಿವಾದಿ, ತಡೆಯಾಜ್ಞೆ, ವಿಭಾಗ ಅಂತ ಓದುವಾಗ ಅರ್ಥಕ್ಕಾಗಿ ನಿಲ್ಲಬೇಕಾಗಿರಲಿಲ್ಲ. ಆ ಪದಗಳು ನನಗೆ ಕಾಲೇಜಿಗೆ ಮುಂಚೆಯೇ, ಮುದ್ದೆ ಸಾರಿನ ಜೊತೆ ಬಂದವು. ಒಂದು ಪ್ರಶ್ನೆಗೆ ಹತ್ತು ಸೆಕೆಂಡು ಉಳಿದರೂ ನೂರಕ್ಕೆ ಹದಿನಾರು ನಿಮಿಷ ಆಯಿತಲ್ಲ.

ಮುಂದೆ ಬರೆಯುವವರಿಗೆ ಉಪಯೋಗವಾಗಲಿ ಅಂತ ಎರಡು ಮಾತು. ಹತ್ತೊಂಬತ್ತು ವಿಷಯ ಅಂತ ಹೆದರಬೇಡಿ. ಸಂವಿಧಾನ, ಸಿವಿಲ್ ಪ್ರಕ್ರಿಯೆ, ಕ್ರಿಮಿನಲ್ ಪ್ರಕ್ರಿಯೆ ತಲಾ 10 ಅಂಕ. ದಂಡ ಕಾನೂನು, ಸಾಕ್ಷ್ಯ, ಕುಟುಂಬ ಕಾನೂನು, ಕರಾರು-ಆಸ್ತಿ ಇತ್ಯಾದಿ ತಲಾ 8. ಈ ಏಳರಲ್ಲೇ 62 ಅಂಕ ಆಯಿತು. ಎರಡನೆಯದು, ಉತ್ತರ ಬಾಯಿಪಾಠ ಮಾಡುವುದಕ್ಕಿಂತ ಯಾವುದು ಎಲ್ಲಿದೆ ಅಂತ ತಿಳಿದುಕೊಳ್ಳಿ. ಉದಾಹರಣೆಗೆ ನ್ಯಾಯ ಸಂಹಿತೆಯಲ್ಲಿ ಮಹಿಳೆ ಮತ್ತು ಮಕ್ಕಳ ಮೇಲಿನ ಅಪರಾಧಗಳೆಲ್ಲ 5ನೇ ಅಧ್ಯಾಯದಲ್ಲಿ, 63ರಿಂದ 99ರವರೆಗೆ ಒಟ್ಟಿಗೆ ಇವೆ. ದೇಹದ ಮೇಲಿನವು 6ನೇ ಅಧ್ಯಾಯ, ಆಸ್ತಿಯ ಮೇಲಿನವು 17ನೇ ಅಧ್ಯಾಯ. ನಮ್ಮಮ್ಮ ಕರೆಂಟ್ ಹೋದರೂ ಸಾಸಿವೆ ಡಬ್ಬಕ್ಕೇ ಕೈ ಹಾಕುತ್ತಾಳಲ್ಲ, ಅಷ್ಟು ಗೊತ್ತಿದ್ದರೆ ಸಾಕು. ಮತ್ತೆ ದಯವಿಟ್ಟು ಪರೀಕ್ಷೆಯ ಸೂಚನೆಗಳನ್ನು ಓದಿ!

2025ರ ನವೆಂಬರ್ 30, ಭಾನುವಾರ. ಈ ಸಲ ಬಾಗಿಲಲ್ಲಿ ಎಲ್ಲ ಪುಸ್ತಕವೂ ಒಳಗೆ ಬಂದವು. ಆದರೆ ಅರ್ಧಕ್ಕಿಂತ ಹೆಚ್ಚು ಪುಸ್ತಕಗಳನ್ನು ತೆರೆಯಲೇ ಇಲ್ಲ. ಕೊನೆಯ ಪ್ರಶ್ನೆ ಮುಗಿಸಿದಾಗ ಇನ್ನೂ ಇಪ್ಪತ್ತು ನಿಮಿಷ ಇತ್ತು. ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿ, "ಬರೆದಿದ್ದೀನಿ. ಗೊತ್ತಿಲ್ಲ, ಆಗಬಹುದು, ಆಗದೆಯೂ ಇರಬಹುದು" ಅಂದೆ. ಹಾಗೆ ಹೇಳಲು ಎಷ್ಟು ಹಗುರ ಅನಿಸಿತು ಅಂದರೆ, ಅಲ್ಲೇ ರಸ್ತೆ ಬದಿ ನಿಂತು ಒಂದು ಪ್ಲೇಟ್ ಚುರುಮುರಿ ತಿಂದೆ.

ಫಲಿತಾಂಶ ಬಂತು. ಪಾಸು. ಅಪ್ಪ "ಸರಿ. ಉಂಡ್ಯಾ?" ಅಂದರು. ಗುಮಾಸ್ತರು ಜೇಬಿನಿಂದ ಮಡಚಿ ಮಡಚಿ ಸವೆದ ಆ ಜೆರಾಕ್ಸ್ ತೆಗೆದು, "ನನಗೂ ಒಂದು ಸರ್ಟಿಫಿಕೇಟ್ ಕೊಡಿಸಮ್ಮ" ಅಂದರು. ನ್ಯಾಯವಾಗಿ ಕೊಡಬೇಕು. ಇವತ್ತಿಗೂ ಅವರು 302 ಅಂದ ತಕ್ಷಣ ನಾಲಿಗೆ ಕಚ್ಚಿಕೊಂಡು 103 ಅನ್ನುತ್ತಾರೆ.

ಬೇರೆ ಏನೂ ಬದಲಾಗಿಲ್ಲ. ಅದೇ ಬಸ್ಸು, ಅದೇ ಮೂವರ ರೂಮು. ಅಪ್ಪನ ಕೇಸು ಇನ್ನೂ ನಡೆಯುತ್ತಿದೆ. ಆಫೀಸಿಗೆ ಹೊಸದಾಗಿ ಒಬ್ಬಳು ಹುಡುಗಿ ಸೇರಿದ್ದಾಳೆ. ಮೊನ್ನೆ ಊಟದ ಹೊತ್ತಿನಲ್ಲಿ "ಅಕ್ಕ, ಆ ಎಕ್ಸಾಮ್ ತುಂಬಾ ಈಸಿ ಅಂತಲ್ವಾ? ಬುಕ್ ನೋಡ್ಕೊಂಡು ಬರೆಯೋದಂತೆ" ಅಂದಳು. ನೋಟ್‌ಬುಕ್ ಅವಳ ಕೈಗೆ ಕೊಟ್ಟು, "ನಾನು ಮೊದಲನೇ ಸಲ ಫೇಲಾಗಿದ್ದೆ" ಅಂದೆ. ಅವಳು ತಮಾಷೆ ಅಂದುಕೊಂಡು ನಕ್ಕಳು. ಆಮೇಲೆ ನನ್ನ ಮುಖ ನೋಡಿ, ಡಬ್ಬಿ ಮುಚ್ಚಿಟ್ಟು, ಮೊದಲ ಪುಟ ತೆರೆದಳು.